ಶೇ 45ರ ಲೆಕ್ಕ: ವಯಸ್ಸಾದಂತೆ ಮಿದುಳು ಚುರುಕಾಗಿರುವುದು ನಮ್ಮ ಕೈಯಲ್ಲಿ ಎಷ್ಟಿದೆ?

2025ರ ಜುಲೈ ಕೊನೆಯಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಅಮೆರಿಕದಲ್ಲಿ 60ರಿಂದ 79 ವರ್ಷದ 2,111 ಮಂದಿಯನ್ನು ಸೇರಿಸಿಕೊಂಡು ಎರಡು ವರ್ಷ ನಡೆಸಿದ ‘ಯು.ಎಸ್. ಪಾಯಿಂಟರ್’ ಪ್ರಯೋಗದ ಫಲಿತಾಂಶ ಹೊರಬಿದ್ದಿತ್ತು. ವ್ಯಾಯಾಮ, ಆಹಾರದಲ್ಲಿ ಶಿಸ್ತು, ಮಿದುಳಿಗೆ ಕಸರತ್ತು, ಬಿಪಿ–ಸಕ್ಕರೆಯ ಮೇಲೆ ಕಣ್ಣು ಇವೆಲ್ಲ ಒಟ್ಟಿಗೆ ನಡೆದರೆ ನೆನಪು ಮತ್ತು ಯೋಚನಾಶಕ್ತಿ ಸುಧಾರಿಸುತ್ತದೆ ಎಂಬುದು ಅದರ ಸಾರ. ಆದರೆ ಇದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ಇದೇ ಪ್ರಯೋಗದಲ್ಲಿ ಬಳಸಿದ ‘ಮೈಂಡ್’ ಆಹಾರಕ್ರಮವೊಂದನ್ನೇ ಪರೀಕ್ಷಿಸಿದ ಬೇರೊಂದು ತಂಡ, ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಎಂದಿತ್ತು. ಇವೆರಡರ ನಡುವೆ, 2024ರಲ್ಲಿ, ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ್ದ ತಜ್ಞರ ಆಯೋಗ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯ, ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲೆಕ್ಕ ಹಾಕಿತ್ತು.

ಮೂರನ್ನೂ ಓದಿದವರಿಗೆ ಗೊಂದಲವಾಗದೆ ಇರದು. ಒಬ್ಬರು ಆಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ, ಮತ್ತೊಬ್ಬರು ಅರ್ಧಕ್ಕೆ ಹತ್ತಿರ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರೂ ಉತ್ತರ ಹುಡುಕಿದ ಪ್ರಶ್ನೆಗಳೇ ಬೇರೆ ಬೇರೆ. ಅದನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಮಿದುಳನ್ನು ಕಾಯುವ ಅಭ್ಯಾಸಗಳಲ್ಲಿ ಗಟ್ಟಿ ಪುರಾವೆ ಇರುವವು ಮಿದುಳಿನ ಹೆಸರು ಹೊತ್ತು ಬರುವುದಿಲ್ಲ. ಅವು ಹೃದಯದ, ರಕ್ತನಾಳದ, ಕಿವಿಯ ಹೆಸರಿನಲ್ಲಿ ಬರುತ್ತವೆ.

ಮರೆವು ಬೇರೆ, ಮರೆಗುಳಿ ಕಾಯಿಲೆ ಬೇರೆ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಕುಳಿತಿದೆಯೆಂದರೆ, ವಯಸ್ಸಿಗೂ ಕಾಯಿಲೆಗೂ ಇರುವ ಗೆರೆಯೇ ಅಳಿಸಿಹೋಗಿದೆ. ಆರೋಗ್ಯವಂತರಲ್ಲೂ ವಯಸ್ಸಿನೊಂದಿಗೆ ಕೆಲವು ಶಕ್ತಿಗಳು ಇಳಿಯುತ್ತವೆ. ಒಂದು ಸಂಗತಿಯನ್ನು ಗ್ರಹಿಸಿ ಪ್ರತಿಕ್ರಿಯಿಸುವ ವೇಗ ಯೌವನ ದಾಟುತ್ತಿದ್ದಂತೆ ನಿಧಾನವಾಗಿ ಕುಗ್ಗುತ್ತದೆ. ಗೊತ್ತಿರುವ ಹೆಸರು ತಕ್ಷಣ ಬಾಯಿಗೆ ಬರುವುದಿಲ್ಲ. ಆದರೆ ಪದಸಂಪತ್ತು, ಲೋಕಜ್ಞಾನಗಳು ಅರವತ್ತು ದಾಟುವವರೆಗೂ ಉಳಿಯುತ್ತವೆ, ಹಲವರಲ್ಲಿ ಬೆಳೆಯುತ್ತಲೂ ಇರುತ್ತವೆ.

ಡಿಮೆನ್ಷಿಯಾ ಹಾಗಲ್ಲ. ಮಿದುಳಿನ ಕೋಶಗಳು ಸಾಯುತ್ತಾ ಹೋಗಿ, ದಿನನಿತ್ಯದ ಕೆಲಸವನ್ನೂ ಸ್ವತಃ ಮಾಡಿಕೊಳ್ಳಲಾಗದ ಸ್ಥಿತಿ ಅದು. ಕೀಲಿಕೈ ಎಲ್ಲಿಟ್ಟೆ ಎಂದು ಮರೆಯುವುದು ಮರೆವು. ಕೈಯಲ್ಲಿ ಹಿಡಿದ ಕೀಲಿ ಯಾತಕ್ಕೆ ಎಂದು ತಿಳಿಯದಾಗುವುದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನ ಇದರಿಂದ ಬಳಲುತ್ತಿದ್ದರು.

ಪಾಯಿಂಟರ್ ಪ್ರಯೋಗ ಅಳೆದದ್ದು ಪರೀಕ್ಷೆಯಲ್ಲಿ ಬಂದ ಅಂಕಗಳನ್ನು. ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದ್ದು ಕಾಯಿಲೆಯನ್ನು. ಅಂಕ ಸ್ವಲ್ಪ ಏರಿತು ಎಂದಾಕ್ಷಣ ಹದಿನೈದು ವರ್ಷದ ನಂತರದ ಕಾಯಿಲೆ ತಪ್ಪಿತು ಎಂದಾಗುವುದಿಲ್ಲ. ಗೊಂದಲ ಹುಟ್ಟುವ ಮೊದಲ ಜಾಗ ಇದು.

ಶೇ 45 ಅಂದರೆ ಯಾರಲ್ಲಿ 45?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಿಲ್ ಲಿವಿಂಗ್‌ಸ್ಟನ್ ನೇತೃತ್ವದ ಆಯೋಗ 2017ರಲ್ಲಿ 9 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ ಶೇ 35 ಎಂದಿತ್ತು. 2020ರಲ್ಲಿ ಅಂಶಗಳು 12 ಆದವು, ಅಂಕಿ ಶೇ 40ಕ್ಕೆ ಏರಿತು. 2024ರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಮತ್ತು ಚಿಕಿತ್ಸೆ ಸಿಗದ ದೃಷ್ಟಿದೋಷ ಸೇರಿ 14 ಆದಾಗ ಶೇ 45 ಬಂತು.

ಈ ಅಂಕಿಯನ್ನು ‘ನಾನು ಸರಿಯಾಗಿ ಬದುಕಿದರೆ ನನ್ನ ಅಪಾಯ ಶೇ 45 ಕಡಿಮೆ’ ಎಂದು ಓದಿಕೊಳ್ಳುವವರೇ ಹೆಚ್ಚು. ಅದು ತಪ್ಪು. ಇದು ಇಡೀ ಜನಸಮುದಾಯದ ಲೆಕ್ಕ. ಆ 14 ಅಂಶಗಳಲ್ಲಿ ಒಂದೂ ಯಾರಲ್ಲೂ ಇಲ್ಲದ ಒಂದು ಜಗತ್ತನ್ನು ಕಲ್ಪಿಸಿಕೊಂಡರೆ, ಅಲ್ಲಿ ಎಷ್ಟು ಪ್ರಕರಣ ಕಡಿಮೆಯಾಗುತ್ತಿತ್ತು ಎಂಬುದೇ ಅದರ ಅರ್ಥ. ಅದರಲ್ಲೂ ಒಂದು ಊಹೆ ಅಡಗಿದೆ: ಆ ಅಂಶಗಳು ಕಾಯಿಲೆಯ ಜೊತೆಗೆ ಕಾಣಿಸಿಕೊಳ್ಳುವುದಷ್ಟೇ ಅಲ್ಲ, ಕಾಯಿಲೆಗೆ ಕಾರಣವೂ ಹೌದು ಎಂಬ ಊಹೆ.

ಪಟ್ಟಿಯೊಳಗೆ ಇಳಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಲು, ತಲಾ ಶೇ 7, ಶ್ರವಣದೋಷದ್ದು ಮತ್ತು ಎಲ್‌ಡಿಎಲ್‌ನದ್ದು. ಬಾಲ್ಯದಲ್ಲಿ ಶಿಕ್ಷಣ ಸಾಲದಿರುವುದಕ್ಕೆ ಶೇ 5, ವೃದ್ಧಾಪ್ಯದ ಒಂಟಿತನಕ್ಕೆ ಶೇ 5, ವಾಯುಮಾಲಿನ್ಯಕ್ಕೆ ಶೇ 3. ವ್ಯಾಯಾಮ ಇಲ್ಲದಿರುವುದಕ್ಕೆ ಶೇ 2 ಮಾತ್ರ. ಶಾಲೆಗೆ ಕಳಿಸುವುದು ಮಗುವಿನ ಕೈಯಲ್ಲಿಲ್ಲ. ಊರಿನ ಗಾಳಿ ಒಬ್ಬರ ಕೈಯಲ್ಲಿಲ್ಲ. ‘ಜೀವನಶೈಲಿ’ ಎಂಬ ತಲೆಬರಹದಡಿ ಬಂದ ಈ ಅಂಕಿಯಲ್ಲಿ ಸಾಕಷ್ಟು ಭಾಗ ಸರ್ಕಾರಗಳು ಮಾಡಬೇಕಾದ ಕೆಲಸ. ಇನ್ನು ಉಳಿದ ಶೇ 55ರಲ್ಲಿ ವಯಸ್ಸು, ವಂಶವಾಹಿ, ಇನ್ನೂ ಅರ್ಥವಾಗದ ಕಾರಣಗಳಿವೆ.

ನಡೆಯದ್ದಕ್ಕೆ ಕಾಯಿಲೆಯೋ, ಕಾಯಿಲೆಗೆ ನಡಿಗೆ ನಿಂತದ್ದೋ

ವ್ಯಾಯಾಮ ಮಾಡುವವರಲ್ಲಿ ಡಿಮೆನ್ಷಿಯಾ ಕಡಿಮೆ ಎಂದು ಬಹಳ ಅಧ್ಯಯನಗಳು ಹೇಳಿವೆ. ಅವುಗಳಲ್ಲಿ ಹೆಚ್ಚಿನವು ಜನ ಹೇಗೆ ಬದುಕುತ್ತಾರೋ ಹಾಗೆಯೇ ಗಮನಿಸುತ್ತಾ ಹೋದ ಅಧ್ಯಯನಗಳು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ‘ವೈಟ್‌ಹಾಲ್–2’ ಅಧ್ಯಯನ 2017ರಲ್ಲಿ ಈ ನಂಬಿಕೆಗೆ ಸಣ್ಣ ಪೆಟ್ಟು ಕೊಟ್ಟಿತು. ಕಾಯಿಲೆ ಪತ್ತೆಯಾಗುವುದಕ್ಕೆ ಸುಮಾರು ಒಂಬತ್ತು ವರ್ಷ ಮುಂಚೆಯೇ ಅಂಥವರ ಓಡಾಟ ಕಡಿಮೆಯಾಗತೊಡಗಿತ್ತು. ಅಂದರೆ ಕೂತದ್ದರಿಂದ ಕಾಯಿಲೆ ಬಂತೆನ್ನುವುದರ ಜೊತೆಗೆ, ಒಳಗೆ ಸದ್ದಿಲ್ಲದೆ ಶುರುವಾಗಿದ್ದ ಕಾಯಿಲೆಯೇ ಅವರನ್ನು ಕೂರಿಸಿತು ಎನ್ನುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂಟಿತನ, ಖಿನ್ನತೆಗಳ ವಿಷಯದಲ್ಲೂ ಇದೇ ತೊಡಕು.

ಹಾಗಂತ ವ್ಯಾಯಾಮ ದಂಡವಲ್ಲ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ ಬಿರುಸಾಗಿ ನಡೆಯಿತು; ಮೊದಲು ಹತ್ತು ನಿಮಿಷ, ವಾರ ಕಳೆದಂತೆ ಏರಿಸುತ್ತಾ ನಲವತ್ತು ನಿಮಿಷ. ಇನ್ನೊಂದು ಗುಂಪು ಮೈ ಸಡಿಲಿಸುವ ಹಗುರ ವ್ಯಾಯಾಮವನ್ನಷ್ಟೇ ಮಾಡಿತು. ವರ್ಷ ತುಂಬಿದ ಮೇಲೆ ಸ್ಕ್ಯಾನ್ ಮಾಡಿದಾಗ, ನೆನಪನ್ನು ಕಟ್ಟುವ ‘ಹಿಪೊಕ್ಯಾಂಪಸ್’ ಭಾಗ ನಡೆದವರಲ್ಲಿ ಸುಮಾರು ಶೇ 2 ಬೆಳೆದಿತ್ತು, ಉಳಿದವರಲ್ಲಿ ಶೇ 1.4 ಕುಗ್ಗಿತ್ತು. ವಯಸ್ಸಾದಂತೆ ಕುಗ್ಗುತ್ತಲೇ ಹೋಗುವ ಭಾಗ ಅದು. ಇಂಥ ಸಣ್ಣ ಪ್ರಯೋಗಗಳು ದಾರಿ ತೋರಿಸುತ್ತವೆ, ತೀರ್ಪು ಕೊಡುವುದಿಲ್ಲ.

2023ರ ‘ಮೈಂಡ್’ ಪ್ರಯೋಗ ಕಲಿಸಿದ್ದೂ ಇದನ್ನೇ. ಸೊಪ್ಪು, ಬೆರ್ರಿ ಹಣ್ಣು, ಬೀಜಗಳು, ಮೀನು, ಆಲಿವ್ ಎಣ್ಣೆ ಹೆಚ್ಚಿರುವ ಈ ಆಹಾರ ತಿನ್ನುವವರ ಮಿದುಳು ಚುರುಕಾಗಿರುತ್ತದೆ ಎಂದು ಹಿಂದಿನ ಅಧ್ಯಯನಗಳು ಹೇಳಿದ್ದವು. ಆದರೆ 604 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ ಮೂರು ವರ್ಷ ನೋಡಿದಾಗ ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಬರಲಿಲ್ಲ. ಎರಡೂ ಗುಂಪಿಗೆ ತೂಕ ಇಳಿಸಲು ಕ್ಯಾಲೊರಿ ಕಡಿಮೆ ಮಾಡಿಸಿದ್ದರು. ಎರಡೂ ಗುಂಪಿನವರ ಅಂಕ ಸುಧಾರಿಸಿತ್ತು. ಆಹಾರ ನಿಷ್ಪ್ರಯೋಜಕ ಎಂದು ಇದರಿಂದ ಸಾಬೀತಾಗುವುದಿಲ್ಲ. ಮೂವತ್ತು ವರ್ಷದಲ್ಲಿ ಆಗುವ ಕೆಲಸವನ್ನು ಮೂರು ವರ್ಷದಲ್ಲಿ ಅಳೆಯುವುದು ಎಷ್ಟು ಕಷ್ಟ ಎಂಬುದು ಸಾಬೀತಾಗುತ್ತದೆ.

ಫಿನ್ಲೆಂಡಿನಲ್ಲಿ ಗೆದ್ದದ್ದು, ಅಮೆರಿಕದಲ್ಲಿ ಕಂಡದ್ದು

ಎಲ್ಲ ಅಭ್ಯಾಸಗಳನ್ನೂ ಒಟ್ಟಿಗೆ ಕೊಟ್ಟು ನೋಡುವ ಪದ್ಧತಿಗೆ ಹೆಸರು ತಂದದ್ದು ಫಿನ್ಲೆಂಡಿನ ‘ಫಿಂಗರ್’ ಪ್ರಯೋಗ. ಮಿಯಾ ಕಿವಿಪೆಲ್ಟೊ ನೇತೃತ್ವದಲ್ಲಿ 60ರಿಂದ 77 ವರ್ಷದ 1,260 ಮಂದಿಯ ಮೇಲೆ ಎರಡು ವರ್ಷ ನಡೆದು 2015ರಲ್ಲಿ ಪ್ರಕಟವಾಯಿತು. ಪೂರ್ತಿ ತರಬೇತಿ ಪಡೆದವರ ಅಂಕ, ಸಾಮಾನ್ಯ ಆರೋಗ್ಯ ಸಲಹೆ ಮಾತ್ರ ಪಡೆದವರ ಅಂಕಕ್ಕಿಂತ ಶೇ 25 ಹೆಚ್ಚು ಏರಿತ್ತು. ಆದರೆ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನಲ್ಲಿ ನಡೆದ ದೊಡ್ಡ ಪ್ರಯೋಗಗಳು ತಮ್ಮ ಮುಖ್ಯ ಗುರಿ ಮುಟ್ಟಲಿಲ್ಲ. ಫಿನ್ಲೆಂಡಿನವರು ಅಪಾಯ ಹೆಚ್ಚಿರುವವರನ್ನು ಆರಿಸಿಕೊಂಡಿದ್ದರು, ತರಬೇತಿಯೂ ಬಿಗಿಯಾಗಿತ್ತು. ನೆದರ್ಲೆಂಡ್ಸ್‌ನಲ್ಲಂತೂ ಹೋಲಿಕೆಗೆ ಇಟ್ಟುಕೊಂಡ ಗುಂಪಿಗೂ ಮೊದಲೇ ಒಳ್ಳೆಯ ವೈದ್ಯಕೀಯ ಆರೈಕೆ ಸಿಗುತ್ತಿತ್ತು. ಆರೈಕೆ ಚೆನ್ನಾಗಿರುವಲ್ಲಿ ಹೆಚ್ಚುವರಿ ಲಾಭ ತೋರಿಸುವುದು ಕಷ್ಟ.

ಪಾಯಿಂಟರ್‌ನಲ್ಲಿ ಎರಡೂ ಗುಂಪಿಗೆ ಏನಾದರೊಂದು ಕೊಟ್ಟಿದ್ದರು. ಒಂದು ಗುಂಪು ಎರಡು ವರ್ಷದಲ್ಲಿ 38 ಬಾರಿ ತಂಡವಾಗಿ ಸೇರಿ, ಗುರಿ ಇಟ್ಟುಕೊಂಡು, ಮಾರ್ಗದರ್ಶಕರ ಜೊತೆ ನಡೆಯಿತು. ಇನ್ನೊಂದು 6 ಬಾರಿ ಮಾತ್ರ ಸೇರಿ, ಬದಲಾವಣೆಗಳನ್ನು ತಾನೇ ಆರಿಸಿಕೊಂಡಿತು. ಎರಡೂ ಗುಂಪಿನ ಅಂಕ ಏರಿತು. ಮೊದಲನೆಯದರ ಏರಿಕೆ ವರ್ಷಕ್ಕೆ 0.243 ಮಾನಕ ವಿಚಲನೆ, ಎರಡನೆಯದರದು 0.213. ಮಾನಕ ವಿಚಲನೆ ಎಂದರೆ ಜನರ ಅಂಕಗಳು ಸರಾಸರಿಯ ಆಚೀಚೆ ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ. ಆ ಅಳತೆಯ ಮೂವತ್ತರಲ್ಲೊಂದು ಭಾಗದಷ್ಟೇ ಇಲ್ಲಿನ ವ್ಯತ್ಯಾಸ.

ಇದನ್ನು ಓದುವ ಬಗೆ ಎರಡು. ಬೆಂಬಲಿಸುವವರು, ಬರೀ ಆರು ಸಭೆ ಸೇರಿದವರೂ ಸುಧಾರಿಸಿದರಲ್ಲ, ಸಣ್ಣ ಬದಲಾವಣೆಯಿಂದಲೂ ಫಲವಿದೆ ಅನ್ನುತ್ತಾರೆ. ಸಂದೇಹಪಡುವವರು, ಏನೂ ಕೊಡದ ಗುಂಪೇ ಇಲ್ಲಿಲ್ಲ ಎಂದು ನೆನಪಿಸುತ್ತಾರೆ. ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಅಭ್ಯಾಸಬಲದಿಂದಲೇ ಅಂಕ ಏರುತ್ತದೆ; ಆ ಏರಿಕೆಯನ್ನು ಬದಲಾದ ಬದುಕಿನ ಫಲದಿಂದ ಬೇರ್ಪಡಿಸಲು ಈ ಪ್ರಯೋಗದಲ್ಲಿ ದಾರಿಯಿಲ್ಲ. ಎರಡನೆಯ ವಾದದ ತರ್ಕ ಗಟ್ಟಿಯಾಗಿದೆ ಎಂದೇ ಒಪ್ಪಬೇಕು. ಜೊತೆಗೆ ಎರಡು ವರ್ಷ ಚಿಕ್ಕ ಅವಧಿ. ಭಾಗವಹಿಸಿದವರನ್ನು ಇನ್ನೂ ನಾಲ್ಕು ವರ್ಷ ಗಮನಿಸುವ ಯೋಜನೆ ಇದೆ. ನಿಜವಾದ ಉತ್ತರ ಅಲ್ಲಿ ಸಿಕ್ಕೀತು.

ಸನ್ಯಾಸಿನಿಯರು ಬಿಟ್ಟುಹೋದ ಸಾಕ್ಷ್ಯ

1986ರಲ್ಲಿ ಡೇವಿಡ್ ಸ್ನೋಡನ್ ಅಮೆರಿಕದ ಕ್ಯಾಥೊಲಿಕ್ ಸನ್ಯಾಸಿನಿಯರ ಅಧ್ಯಯನ ಶುರುಮಾಡಿದರು. 75 ದಾಟಿದ 678 ಮಂದಿ ವರ್ಷವರ್ಷವೂ ಪರೀಕ್ಷೆಗೆ ಒಪ್ಪಿದರು. ಸತ್ತ ಮೇಲೆ ಮಿದುಳನ್ನು ದಾನ ಕೊಡಲೂ ಒಪ್ಪಿದರು. ಒಂದೇ ಬಗೆಯ ಊಟ, ಒಂದೇ ಬಗೆಯ ವಸತಿ, ಒಂದೇ ಬಗೆಯ ವೈದ್ಯಕೀಯ ಸೌಲಭ್ಯ ಇದ್ದುದರಿಂದ ಹೋಲಿಕೆ ಸುಲಭವಾಯಿತು.

ಕೆಲವರ ಮಿದುಳಲ್ಲಿ, ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆಯ ಗುರುತುಗಳು ದಟ್ಟವಾಗಿದ್ದವು, ಆದರೂ ಬದುಕಿರುವಷ್ಟು ದಿನ ಅವರ ಬುದ್ಧಿ ತಿಳಿಯಾಗಿತ್ತು. ವಿಜ್ಞಾನಿಗಳು ಇದನ್ನು ‘ಅರಿವಿನ ಮೀಸಲು’ ಎಂಬ ಕಲ್ಪನೆಯಿಂದ ವಿವರಿಸುತ್ತಾರೆ. ಓದು, ಸವಾಲಿನ ಕೆಲಸ, ಜನರ ಒಡನಾಟಗಳಿಂದ ಮಿದುಳಿನ ಕೋಶಗಳ ನಡುವೆ ಹೆಚ್ಚು ಸಂಪರ್ಕಗಳು ಬೆಳೆದಿದ್ದರೆ, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿಯಿಂದ ಕೆಲಸ ನಡೆಯುತ್ತದೆ. ಕಾಯಿಲೆ ಬರುವುದು ನಿಲ್ಲುವುದಿಲ್ಲ, ಅದು ಹೊರಗೆ ಕಾಣಿಸುವ ದಿನ ಮುಂದಕ್ಕೆ ಹೋಗುತ್ತದೆ.

ಈ ಅಧ್ಯಯನದ ಇನ್ನೊಂದು ಮುಖ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಅದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 1997ರ ವರದಿಯ ಪ್ರಕಾರ, ಆಲ್‌ಝೈಮರ್ ಗುರುತುಗಳಿದ್ದವರ ಪೈಕಿ ಮಿದುಳಿನ ಆಳದಲ್ಲಿ ಒಂದೆರಡು ಸಣ್ಣ ಪಾರ್ಶ್ವವಾಯುಗಳೂ ಆಗಿದ್ದವರಲ್ಲಿ ಡಿಮೆನ್ಷಿಯಾ ಕಾಣಿಸಿಕೊಂಡಿದ್ದ ಸಾಧ್ಯತೆ ಹಲವು ಪಟ್ಟು ಹೆಚ್ಚಿತ್ತು. ಒಳಗೆ ಕೂಡಿಟ್ಟ ಮೀಸಲನ್ನು ಕರಗಿಸುವುದರಲ್ಲಿ ರಕ್ತನಾಳಗಳ ಕೈವಾಡ ದೊಡ್ಡದು.

ರಕ್ತನಾಳವೇ ಮೊದಲ ಕಾವಲು

ಮಿದುಳು ಮೈತೂಕದ ಶೇ 2ರಷ್ಟು ಮಾತ್ರ, ಆದರೆ ಮೈಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಕೂದಲಿಗಿಂತ ತೆಳುವಾದ ನಾಳಗಳು ಅದನ್ನು ಒದಗಿಸುತ್ತವೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಆ ನಾಳಗಳ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಅಲ್ಲಲ್ಲಿ ಒಂದೊಂದು ನಾಳ ಮುಚ್ಚಿಹೋಗುತ್ತದೆ. ಕೈಕಾಲು ಬೀಳುವುದಿಲ್ಲ, ಮಾತು ತೊದಲುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಜಾಗದ ಕೋಶಗಳು ಸತ್ತಿರುತ್ತವೆ.

2019ರಲ್ಲಿ ಪ್ರಕಟವಾದ ‘ಸ್ಪ್ರಿಂಟ್–ಮೈಂಡ್’ ಪ್ರಯೋಗದಲ್ಲಿ 50 ದಾಟಿದ 9,361 ಬಿಪಿ ರೋಗಿಗಳಿದ್ದರು. ಒಂದು ಗುಂಪಿಗೆ ಮೇಲಿನ ಬಿಪಿ 120ಕ್ಕಿಂತ ಕೆಳಗೆ, ಇನ್ನೊಂದಕ್ಕೆ 140ಕ್ಕಿಂತ ಕೆಳಗೆ ಎಂಬ ಗುರಿ. ಬಿಗಿ ಗುರಿಯವರಲ್ಲಿ ಡಿಮೆನ್ಷಿಯಾಕ್ಕೆ ಮುನ್ನ ಬರುವ ಸೌಮ್ಯ ಅರಿವಿನ ಕೊರತೆ ಶೇ 19 ಕಡಿಮೆ ಇತ್ತು. ಡಿಮೆನ್ಷಿಯಾ ಕೂಡ ಕಡಿಮೆ ಇತ್ತು, ಆದರೆ ಆ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಹೇಳುವಷ್ಟು ಪ್ರಕರಣಗಳಿರಲಿಲ್ಲ. ಆ ಕೊರತೆಯನ್ನು 2025ರಲ್ಲಿ ಚೀನಾದ ಅಧ್ಯಯನ ತುಂಬಿಕೊಟ್ಟಿತು. 326 ಹಳ್ಳಿಗಳ ಸುಮಾರು 34 ಸಾವಿರ ಬಿಪಿ ರೋಗಿಗಳು. ಅರ್ಧದಷ್ಟು ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಮಾತ್ರೆ ಕೊಟ್ಟು, ಬಿಪಿ ನೋಡಿ, ಮಾತ್ರೆಯ ಪ್ರಮಾಣ ಹೊಂದಿಸಿದರು. ನಾಲ್ಕು ವರ್ಷದಲ್ಲಿ ಅಲ್ಲಿ ಡಿಮೆನ್ಷಿಯಾ ಶೇ 15 ಕಡಿಮೆಯಾಯಿತು. ಇಲ್ಲಿ ಅಳೆದದ್ದು ಅಂಕವನ್ನಲ್ಲ, ಕಾಯಿಲೆಯನ್ನೇ.

ಲ್ಯಾನ್ಸೆಟ್ ಪಟ್ಟಿಯಲ್ಲಿ ಬಿಪಿಯ ಪಾಲು ಶೇ 2 ಮಾತ್ರ ಎಂದು ಕೆಲವರು ಎತ್ತಿ ತೋರಿಸುತ್ತಾರೆ. ಆದರೆ ಎಲ್‌ಡಿಎಲ್, ಸಕ್ಕರೆ ಕಾಯಿಲೆ, ಸಿಗರೇಟು, ಬೊಜ್ಜು, ಓಡಾಟ ಇಲ್ಲದಿರುವುದು ಇವೆಲ್ಲ ಮಿದುಳಿಗೆ ಕೆಡುಕು ಮಾಡುವುದು ಬಹುಮಟ್ಟಿಗೆ ರಕ್ತನಾಳಗಳ ಮೂಲಕವೇ. ಬಿಪಿಯನ್ನೂ ಸೇರಿಸಿ ಇವನ್ನು ಕೂಡಿಸಿದರೆ ಶೇ 16 ಆಗುತ್ತದೆ. ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಕಂಡರೂ ದೇಹದೊಳಗೆ ಇವು ಒಂದೇ ದಾರಿಯವು.

ಕಿವಿ ಮಂದವಾದಾಗ ಮಿದುಳಿಗೆ ಏನಾಗುತ್ತದೆ

ವಯಸ್ಸಾದಂತೆ ಮೊದಲು ಕೈಕೊಡುವುದು ತೀಕ್ಷ್ಣ ಧ್ವನಿಗಳು. ಸ್ವರಗಳು ಕೇಳಿಸುತ್ತವೆ, ‘ಸ’, ‘ಕ’, ‘ಪ’ದಂಥ ವ್ಯಂಜನಗಳು ಮಸುಕಾಗುತ್ತವೆ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿರುವ ಕೋಣೆಯಲ್ಲಿ ಅವರು ಅಂದದ್ದು ‘ಸಾಲು’ ಎಂದೋ ‘ಕಾಲು’ ಎಂದೋ ‘ಪಾಲು’ ಎಂದೋ ಗೊತ್ತಾಗುವುದಿಲ್ಲ. ಮಾತಿನ ಹಿಂದುಮುಂದು ನೋಡಿ ಮಿದುಳು ಊಹಿಸುತ್ತದೆ. ಆ ಊಹೆ ಮುಗಿಯುವಷ್ಟರಲ್ಲಿ ಮುಂದಿನ ವಾಕ್ಯ ಬಂದಾಗಿರುತ್ತದೆ. ಕೇಳಿಸಿಕೊಳ್ಳುವುದಕ್ಕೇ ಇಷ್ಟು ಶ್ರಮ ಹೋದರೆ ಕೇಳಿದ್ದನ್ನು ನೆನಪಿಟ್ಟುಕೊಳ್ಳಲು ಏನು ಉಳಿದೀತು? ಎರಡು ಮೂರು ಸಲ ‘ಏನಂದೆ?’ ಎಂದು ಕೇಳಿ, ಎದುರಿಗಿರುವವರ ಮುಖದಲ್ಲಿ ಬೇಸರ ಕಂಡು, ಹಿರಿಯರು ಸುಮ್ಮನೆ ತಲೆಯಾಡಿಸತೊಡಗುತ್ತಾರೆ. ಆಮೇಲೆ ಮಾತಿನ ನಡುವೆ ಕೂರುವುದನ್ನೇ ಬಿಡುತ್ತಾರೆ. ಮನೆಯವರು ‘ಅವರಿಗೀಗ ಯಾವುದರಲ್ಲೂ ಆಸಕ್ತಿಯಿಲ್ಲ’ ಅಂದುಕೊಳ್ಳುತ್ತಾರೆ. ಶ್ರವಣದೋಷದಿಂದ ಒಂಟಿತನ, ಒಂಟಿತನದಿಂದ ಮಂಕುತನ ಎಂಬ ಸರಪಳಿ ಹೀಗೆ ಬೆಳೆಯುತ್ತದೆ.

ಶ್ರವಣ ಸಾಧನ ಹಾಕಿಸಿದರೆ ಇದು ನಿಲ್ಲುತ್ತದೆಯೇ? 2023ರಲ್ಲಿ ಪ್ರಕಟವಾದ ‘ಅಚೀವ್’ ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ನೋಡಿದರು. ಒಟ್ಟಾರೆಯಾಗಿ ವ್ಯತ್ಯಾಸ ಬರಲಿಲ್ಲ. ಆದರೆ ಹೃದಯ–ರಕ್ತನಾಳದ ತೊಂದರೆ ಮುಂತಾಗಿ ಅಪಾಯ ಹೆಚ್ಚಿದ್ದ ಹಿರಿಯರ ಒಂದು ಗುಂಪಿನಲ್ಲಿ ಅರಿವಿನ ಇಳಿತ ಶೇ 48 ನಿಧಾನವಾಯಿತು. ಒಂದೇ ಪ್ರಯೋಗದಿಂದ ‘ಸಾಧನ ಪ್ರಯೋಜನವಿಲ್ಲ’ ಮತ್ತು ‘ಅರ್ಧಕ್ಕರ್ಧ ಲಾಭ’ ಎಂಬ ಎರಡು ಸುದ್ದಿ ಹೊರಟದ್ದು ಹೀಗೆ. ಮಾತು ಚೆನ್ನಾಗಿ ಕೇಳುವುದು ತಾನಾಗಿಯೇ ಒಂದು ಲಾಭವಾಗಿರುವಾಗ, ಪೂರ್ತಿ ಪುರಾವೆಗೆ ಕಾಯುತ್ತಾ ಕಿವಿ ಪರೀಕ್ಷೆ ಮುಂದೂಡುವುದರಲ್ಲಿ ಅರ್ಥವಿಲ್ಲ.

ಪದಬಂಧ, ಆ್ಯಪ್, ಹೊಸ ವಿದ್ಯೆ

ಪದಬಂಧ ಬಿಡಿಸಿದರೆ ಪದಬಂಧದಲ್ಲಿ ಪಳಗುತ್ತೇವೆ, ಅದರಾಚೆಗೆ ಲಾಭ ಹರಡುವುದು ಅಪರೂಪ. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯೊಂದಿಗೆ ನಡೆದ ‘ಆ್ಯಕ್ಟಿವ್’ ಪ್ರಯೋಗದಲ್ಲಿ ನೆನಪಿನ ತರಬೇತಿ, ತರ್ಕದ ತರಬೇತಿ, ವೇಗದ ತರಬೇತಿ ಎಂದು ಮೂರು ಗುಂಪು ಮಾಡಿದ್ದರು. ಯಾವುದನ್ನು ಕಲಿತರೋ ಅದು ಮಾತ್ರ ಚೆನ್ನಾಯಿತು. ಹತ್ತು ವರ್ಷದ ನಂತರ ಡಿಮೆನ್ಷಿಯಾ ಲೆಕ್ಕ ಹಾಕಿದಾಗ ಕಂಪ್ಯೂಟರ್ ಪರದೆಯ ಮೇಲಿನ ವೇಗದ ತರಬೇತಿ ಪಡೆದವರಲ್ಲಿ ಮಾತ್ರ ಅದು ಕಡಿಮೆ ಇತ್ತು. ಯಾಕೆ ಎಂಬುದು ಇನ್ನೂ ಚರ್ಚೆಯಲ್ಲಿದೆ. ಈ ಅಸ್ಪಷ್ಟತೆಯ ನಡುವೆಯೇ ಮಿದುಳಿಗೆ ಕಸರತ್ತು ಕೊಡುವ ಆ್ಯಪ್‌ಗಳ ಮಾರುಕಟ್ಟೆ ಬೆಳೆಯಿತು. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪುರಾವೆಯಿಲ್ಲದೆ ಜಾಹೀರಾತು ನೀಡಿದ ಆರೋಪದ ಮೇಲೆ ಲ್ಯುಮೊಸಿಟಿ ಆ್ಯಪ್‌ನ ಕಂಪನಿಯಿಂದ 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು.

ಇದಕ್ಕಿಂತ ಭರವಸೆ ಕೊಡುವುದು ಕಷ್ಟಪಟ್ಟು ಕಲಿಯಬೇಕಾದ ಹೊಸ ವಿದ್ಯೆ. ಡೆನಿಸ್ ಪಾರ್ಕ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಿರಿಯರು ಮೂರು ತಿಂಗಳು, ವಾರಕ್ಕೆ ಸರಾಸರಿ 15 ಗಂಟೆಗಿಂತ ಹೆಚ್ಚು ಕಾಲ, ಡಿಜಿಟಲ್ ಛಾಯಾಗ್ರಹಣವನ್ನೋ ಬಟ್ಟೆ ಚೂರು ಜೋಡಿಸಿ ಹೊದಿಕೆ ಹೊಲಿಯುವುದನ್ನೋ ಕಲಿತರು. ಹರಟೆ, ಆಟ, ಸುತ್ತಾಟದಲ್ಲಿ ಅಷ್ಟೇ ಹೊತ್ತು ಕಳೆದವರಿಗಿಂತ ಇವರ ನೆನಪು ಸುಧಾರಿಸಿತ್ತು. ಗೊತ್ತಿರುವುದನ್ನೇ ಮಾಡುತ್ತಾ ಹಾಯಾಗಿರುವುದು ಮನಸ್ಸಿಗೆ ಒಳ್ಳೆಯದು. ತಡವರಿಸುತ್ತಾ ಕಲಿಯುವುದು ಮಿದುಳಿಗೆ ಬೇರೆಯೇ ಕೆಲಸ ಕೊಡುತ್ತದೆ.

ಮಾತ್ರೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 3,069 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಿಂಕೊ ಎಂಬ ಮರದ ಎಲೆಯ ಸಾರ ಡಿಮೆನ್ಷಿಯಾ ತಡೆಯಲಿಲ್ಲ. ಬಿ ವಿಟಮಿನ್, ಇ ವಿಟಮಿನ್, ಒಮೆಗಾ ಕೊಬ್ಬಿನ ಮಾತ್ರೆಗಳನ್ನು ಈ ಉದ್ದೇಶಕ್ಕೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ನಿದ್ದೆಯ ವಿಷಯ ಇನ್ನೂ ತೆರೆದಿದೆ. ವೈಟ್‌ಹಾಲ್ ಅಧ್ಯಯನದಲ್ಲಿ ಐವತ್ತು–ಅರವತ್ತರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗುತ್ತಿದ್ದವರಲ್ಲಿ ಅಪಾಯ ಹೆಚ್ಚು ಕಂಡಿತು. ಆದರೆ ನಿದ್ದೆಯಲ್ಲಿ ಮಿದುಳು ತನ್ನ ಕಸವನ್ನು ತೊಳೆದುಕೊಳ್ಳುತ್ತದೆ ಎಂಬ ಜನಪ್ರಿಯ ವಿವರಣೆಗೆ ಆಧಾರವಾದ 2013ರ ಇಲಿ ಪ್ರಯೋಗವನ್ನು 2024ರಲ್ಲಿ ಇನ್ನೊಂದು ಇಲಿ ಪ್ರಯೋಗ ಪ್ರಶ್ನಿಸಿದೆ.

ಅಂಕಿಯನ್ನು ತಪ್ಪಾಗಿ ಓದಿದರೆ ಯಾರಿಗೆ ನೋವು

ಪುರಾವೆ ಪೂರ್ತಿಯಾಗುವವರೆಗೆ ಕಾಯಬಾರದು, ಈ ಬದಲಾವಣೆಗಳಿಂದ ಕೆಡುಕಂತೂ ಇಲ್ಲ ಎಂಬುದು ಲ್ಯಾನ್ಸೆಟ್ ಆಯೋಗದ ನಿಲುವು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2017ರಲ್ಲಿ ಹೆಚ್ಚು ಬಿಗಿಯಾಗಿ ಮಾತಾಡಿತ್ತು: ಬಿಪಿ ನಿಯಂತ್ರಣ, ದೈಹಿಕ ಚಟುವಟಿಕೆ, ಅರಿವಿನ ತರಬೇತಿ ಈ ಮೂರಕ್ಕೆ ಮಾತ್ರ ಆಶಾದಾಯಕವಾದ, ಆದರೆ ನಿರ್ಣಾಯಕವಲ್ಲದ ಪುರಾವೆ ಇದೆ ಎಂದಿತ್ತು. ಆಮೇಲೆ ಬಂದ ಪ್ರಯೋಗಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಬಿಪಿಯದು.

ಇವೆರಡು ನಿಲುವುಗಳ ನಡುವಿನ ದೂರಕ್ಕಿಂತ ನನ್ನನ್ನು ಕಾಡುವುದು ಬೇರೆ. ‘ಅರ್ಧದಷ್ಟು ಡಿಮೆನ್ಷಿಯಾ ತಡೆಯಬಹುದು’ ಎಂಬ ಮಾತು ಮನೆಯೊಳಗೆ ಬಂದಾಗ ‘ಹಾಗಾದರೆ ಇವರಿಗೆ ಬಂದದ್ದು ಇವರದೇ ತಪ್ಪು’ ಎಂದು ತಿರುಗಿಕೊಳ್ಳುತ್ತದೆ. ಮರೆಗುಳಿ ಕಾಯಿಲೆಯ ಹಿರಿಯರನ್ನು ಹಗಲಿರುಳು ನೋಡಿಕೊಳ್ಳುವ ಮಗಳೋ ಸೊಸೆಯೋ ‘ನಾವು ಮೊದಲೇ ಎಚ್ಚರವಹಿಸಬೇಕಿತ್ತೇನೋ’ ಎಂದು ಕೊರಗುತ್ತಾಳೆ. ಶೇ 45 ಎಂಬ ಲೆಕ್ಕಕ್ಕೆ ಒಬ್ಬ ವ್ಯಕ್ತಿಯ ಬಗ್ಗೆ ಹಾಗೆ ಹೇಳುವ ಶಕ್ತಿಯೇ ಇಲ್ಲ. ವ್ಯಾಯಾಮ ತಪ್ಪಿಸದವರಿಗೂ ಈ ಕಾಯಿಲೆ ಬರುತ್ತದೆ, ಜೀವಮಾನವೆಲ್ಲ ಓದಿದವರಿಗೂ ಬರುತ್ತದೆ.

ಇಡೀ ಸಮುದಾಯದ ಮಟ್ಟದಲ್ಲಿ ಮಾತ್ರ ಈ ಅಂಕಿಗೆ ಅರ್ಥ ಬರುತ್ತದೆ ಎನ್ನುವುದಕ್ಕೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದಾಖಲೆಗಳೇ ಸಾಕ್ಷಿ. ಅಲ್ಲಿ 60 ದಾಟಿದ ಪ್ರತಿ ನೂರು ಜನರಲ್ಲಿ ಐದು ವರ್ಷದ ಅವಧಿಯಲ್ಲಿ ಹೊಸದಾಗಿ ಡಿಮೆನ್ಷಿಯಾ ಬರುತ್ತಿದ್ದವರು 1970ರ ದಶಕದ ಕೊನೆಯಲ್ಲಿ 3.6, 2000ದ ದಶಕದ ಕೊನೆಯ ಹೊತ್ತಿಗೆ 2.0. ಕಾಯಿಲೆಗೆ ಮದ್ದು ಬಂದಿರಲಿಲ್ಲ. ಮಿದುಳು ಉಳಿಸಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೃದಯಕ್ಕೆಂದು ಬಿಪಿ ಮಾತ್ರೆ ತೆಗೆದುಕೊಂಡಿದ್ದರು, ಪಾರ್ಶ್ವವಾಯು ಕಡಿಮೆಯಾಗಿತ್ತು. ಆದರೆ ಆ ಇಳಿಕೆ ಕಂಡದ್ದು ಕನಿಷ್ಠ ಪ್ರೌಢಶಾಲೆ ಮುಗಿಸಿದವರಲ್ಲಿ ಮಾತ್ರ. ಶಾಲೆ ಅರ್ಧಕ್ಕೆ ಬಿಟ್ಟವರಲ್ಲಿ ಅದು ಇಳಿಯಲೇ ಇಲ್ಲ. ಅದೇ ಮೂವತ್ತು ವರ್ಷಗಳಲ್ಲಿ ಆ ಊರಿನಲ್ಲಿ ಬೊಜ್ಜೂ ಸಕ್ಕರೆ ಕಾಯಿಲೆಯೂ ಏರುತ್ತಾ ಬಂದವು.